ಪದದ ನೆತ್ತಿಯ ಚುಕ್ಕಿ

ರಯೀಸಾ ಫೋಮಿನಿಚ್ನಾ ಹತ್ತಿರ ಬೈಸಿಕೊಳ್ಳದೆ ಲೆನಿನ್‌ಗ್ರಾಡಿನ ನಮ್ಮ ಬ್ಯೂರೋದಲ್ಲಿ ಯಾರೂ ಶೀಘ್ರಲಿಪಿ ಕಲಿತವರಿಲ್ಲ. ನಾನು ಸೇರಿದ ಮೊದಲನೇ ವಾರ ಒಂದು ಸಭೆಯಲ್ಲಿ ಅರ್ಧ ವಾಕ್ಯ ಬಿಟ್ಟೆ. ಅಷ್ಟಕ್ಕೇ ಎಲ್ಲರೆದುರಿಗೆ ಕೇಳಿದರು: "ಲೂಷ್ಕಾ, ನಿನ್ನ ತಲೆಯ ಎರಡೂ ಪಕ್ಕ ಇರೋದು ಕಿವಿನಾ, ಎಲೆಕೋಸಿನ ಎಲೆನಾ?" ಎಲ್ಲರೂ ನಕ್ಕರು. ನನಗೆ ಇಪ್ಪತ್ತೆರಡು ವರ್ಷ, ಅಳು ಬಂತು. ಅವರು ಅಳುವುದಕ್ಕೂ ಬಿಡಲಿಲ್ಲ. "ಅಳೋದಾದ್ರೆ ಎಡಗಣ್ಣಲ್ಲಿ ಅಳು. ಬಲಗಣ್ಣು ಪುಸ್ತಕದ ಮೇಲಿರ್ಲಿ" ಎಂದರು.

ಅವರು ವೊಲೊಗ್ದಾ ಕಡೆಯ ರೈಲು ನಿಲ್ದಾಣವೊಂದರಲ್ಲಿ ತಂತಿ ಕಳಿಸುತ್ತಿದ್ದವನ ಮಗಳು. ಮದುವೆಯಾಗಲಿಲ್ಲ. ಏಕೆಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಚಕ್ರವರ್ತಿಯ ಕಾಲದಲ್ಲೇ ಪೆನ್ಸಿಲ್ ಹಿಡಿದವರು. ಮಂತ್ರಿಗಳು, ಬಿಷಪ್ಪರು, ಕ್ರಾಂತಿಕಾರರು, ಮಂತ್ರಿಗಳನ್ನು ಓಡಿಸಿದವರು, ಓಡಿಸಿದವರನ್ನು ಓಡಿಸಿದವರು, ಎಲ್ಲರ ಮಾತನ್ನೂ ಒಂದೇ ಮುಖ ಇಟ್ಟುಕೊಂಡು ಬರೆದುಕೊಂಡಿದ್ದರು. ದಿನಾ ಬೆಳಿಗ್ಗೆ ಆರು ಪೆನ್ಸಿಲ್ಲುಗಳನ್ನು ಎರಡೂ ತುದಿಗೆ ಚೂಪು ಮಾಡಿ, ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಒಂದು ಲೋಟ ಚಹಾ ಕುಡಿದು, "ಬನ್ನಿ, ಕೊಳವೆಗಳಾ" ಎಂದು ನಮ್ಮನ್ನು ಎಬ್ಬಿಸುತ್ತಿದ್ದರು. ನಾವು ಕೊಳವೆಗಳಂತೆ. ಹರಿಯುವ ನೀರು ಯಾವ ಬಣ್ಣದ್ದೆಂದು ಕೊಳವೆ ಕೇಳಬಾರದಂತೆ. ಇಪ್ಪತ್ತೆಂಟು ವರ್ಷದಲ್ಲಿ ತಾನೊಂದು ಪದ ಬಿಟ್ಟಿಲ್ಲ, ಒಂದು ಪದ ಸೇರಿಸಿಲ್ಲ ಎನ್ನುತ್ತಿದ್ದರು. ಅದು ಜಂಬವಾಗಿರಲಿಲ್ಲ, ನಿಜವೇ ಆಗಿತ್ತು.

ನಮ್ಮ ಕೆಲಸ ಜೋಡಿ ಜೋಡಿಯಾಗಿ. ಒಬ್ಬಳು ಐದು ನಿಮಿಷ ಬರೆಯುವುದು, ಆಮೇಲೆ ಪಕ್ಕದ ಕೋಣೆಗೆ ಹೋಗಿ ಬೆರಳಚ್ಚಿನವಳಿಗೆ ಓದಿ ಹೇಳುವುದು. ಅಷ್ಟರಲ್ಲಿ ಇನ್ನೊಬ್ಬಳ ಐದು ನಿಮಿಷ. ಅಚ್ಚಾದ ಪ್ರತಿಯನ್ನು ಮಾತಾಡಿದವನು ಮೂರು ದಿನದೊಳಗೆ ಬಂದು ಓದಿ, ಬೇಕಾದಲ್ಲಿ ನೇರಳೆ ಶಾಯಿಯಲ್ಲಿ ತಿದ್ದಿ, ಪ್ರತಿ ಹಾಳೆಯ ಕೆಳಗೂ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಅವನು ಹೇಳಿದ್ದು ಅದೇ. ನಿಜವಾಗಿ ಏನು ಹೇಳಿದ ಎನ್ನುವುದು ನಮ್ಮ ಗೀಚು ಪುಸ್ತಕದಲ್ಲಿ ಒಂದು ವರ್ಷ ಇದ್ದು, ಆಮೇಲೆ ಕಾಗದದ ಗಿರಣಿಗೆ ಹೋಗುತ್ತಿತ್ತು. ಒಬ್ಬೊಬ್ಬರ ಕೈ ಒಂದೊಂದು ಥರ, ಒಬ್ಬರದು ಇನ್ನೊಬ್ಬರಿಗೆ ಓದಲು ಬರುವುದಿಲ್ಲ. ರಯೀಸಾ ಫೋಮಿನಿಚ್ನಾ ಕೈ ಓದಲು ಬರುತ್ತಿದ್ದುದು ಅವರ ಜೋಡಿಯಾದ ನನಗೊಬ್ಬಳಿಗೆ. ಅವರ ಲಿಪಿಯಲ್ಲಿ 'ಇಲ್ಲ' ಎನ್ನುವುದಕ್ಕೆ ಪದವೇ ಇರಲಿಲ್ಲ. ಪದದ ನೆತ್ತಿಯ ಮೇಲೊಂದು ಚುಕ್ಕಿ, ಅಷ್ಟೇ.

ಮೂವತ್ತನಾಲ್ಕರ ಫೆಬ್ರವರಿಯಲ್ಲಿ ಇತಿಹಾಸದ ಒಂದು ಸಂಸ್ಥೆಯಲ್ಲಿ ನಾಲ್ಕು ದಿನದ ಚರ್ಚೆ ಇತ್ತು. ಅದಕ್ಕೆ ಇಟ್ಟ ಹೆಸರು ಮಾರುದ್ದ. ವಿಷಯ ಇಷ್ಟೇ: ಮನುಷ್ಯರ ಸಮಾಜಗಳೆಲ್ಲ ಒಂದೇ ಮೆಟ್ಟಿಲ ಸಾಲನ್ನು, ಒಂದನ್ನೂ ಬಿಡದೆ, ಹಿಂದಕ್ಕೂ ಇಳಿಯದೆ ಹತ್ತುತ್ತವೆ ಎಂದು ಮಾರ್ಕ್ಸ್‌ವಾದ ಹೇಳುತ್ತದೆಯೋ ಇಲ್ಲವೋ. ವೇದಿಕೆಯ ಹಿಂದಿನ ಗೋಡೆಗೆ ಐದು ಮೆಟ್ಟಿಲು ಬರೆಸಿದ್ದರು: ಆದಿಮ ಸಮುದಾಯ, ಗುಲಾಮಗಿರಿ, ಊಳಿಗಮಾನ್ಯ, ಬಂಡವಾಳಶಾಹಿ, ಸಮಾಜವಾದ. ಬರೆದವನು ಅಳತೆ ತಪ್ಪಿದ್ದ. ಐದನೆಯ ಮೆಟ್ಟಿಲು ಸೂರಿಗೆ ತಾಗಿ, ಅದರ ಮೇಲೆ ನಿಂತಿದ್ದ ಕಾರ್ಮಿಕ ಕತ್ತು ಬಗ್ಗಿಸಿಕೊಂಡಿದ್ದ. ಮೂರು ದಿನ ಅದನ್ನೇ ನೋಡುತ್ತ ಕೂತಿದ್ದೆವು, ಯಾರೂ ನಗಲಿಲ್ಲ.

ಮೂರನೆಯ ದಿನ ಕ್ರಿವೊಶೀನ್ ಎದ್ದರು. ಪ್ರಾಚೀನ ಪೂರ್ವದೇಶಗಳ ಚರಿತ್ರೆ ಕಲಿಸುವ ಮೇಷ್ಟ್ರು. ನಲವತ್ತೈದರ ಆಸುಪಾಸು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಮಾತು ಶುರು ಮಾಡಿ ಒಂದು ನಿಮಿಷವಾಗಿತ್ತೋ ಇಲ್ಲವೋ, ನಿಲ್ಲಿಸಿ ನಮ್ಮ ಮೇಜಿನ ಕಡೆ ತಿರುಗಿದರು. "ನಾನು ತುಂಬಾ ಓಡ್ತಿಲ್ಲ ತಾನೆ? ಬರ್ಕೊಳ್ಳೋಕೆ ಆಗ್ತಿದ್ಯಾ?" ಎಂದು ಕೇಳಿದರು.

ರಯೀಸಾ ಫೋಮಿನಿಚ್ನಾ ಪೆನ್ಸಿಲ್ ನಿಂತೇಹೋಯಿತು. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬನೂ ಅವರನ್ನು ಹಾಗೆ ಕೇಳಿರಲಿಲ್ಲ. "ನೀವು ಓಡಿ, ಹಿಡಿಯೋದು ನನಗೆ ಬಿಡಿ" ಎಂದರು. ಕಿವಿ ಕೆಂಪಾಗಿತ್ತು, ನಾನೇ ನೋಡಿದೆ.

ಕ್ರಿವೊಶೀನ್ ವಾದ ನನಗೆ ಇವತ್ತಿಗೂ ಬಾಯಿಪಾಠ. "ಮಾರ್ಕ್ಸ್ ಕಣ್ಣಿಟ್ಟು ನೋಡಿದ್ದು ಪಶ್ಚಿಮ ಯುರೋಪಿನ ಒಂದು ಮೂಲೆ. ಅಲ್ಲಿ ನಡೆದದ್ದನ್ನ ಅಲ್ಲೀದು ಅಂತಲೇ ಬರೆದ್ರು. ಮುದುಕರಾದ ಮೇಲೆ ನಮ್ಮ ದೇಶದೋಳೇ ಒಬ್ಬಳು ಕಾಗದ ಬರೆದು ಕೇಳಿದ್ಲು, ಜಮೀನು ಊರಿಗೆಲ್ಲ ಸೇರಿರೋ ನಮ್ಮ ಹಳ್ಳಿಗಳ ಪದ್ಧತಿ ಮುರಿದು ಬೀಳಲೇಬೇಕಾ ಅಂತ. ಆ ಮನುಷ್ಯ ಹೂಂ ಅನ್ನಲಿಲ್ಲ. ಕರಡು ಬರೆದ್ರು, ಹೊಡೆದು ಹಾಕಿದ್ರು, ಮತ್ತೆ ಬರೆದ್ರು. ಅವರು ಅಷ್ಟು ಒದ್ದಾಡಿದ್ದನ್ನ ನಾವು ಗೋಡೆ ಮೇಲೆ ಸುಣ್ಣ ಹೊಡೆದ ಹಾಗೆ ಹೊಡೆದುಬಿಟ್ಟಿದೀವಿ. ಎರಡು ನದಿಗಳ ನಡುವೆ ಸಾವಿರಾರು ವರ್ಷ ಬಾಳಿದ ರಾಜ್ಯಗಳಿವೆ. ಈ ಐದರಲ್ಲಿ ಅವನ್ನ ಎಲ್ಲಿ ಕೂರಿಸ್ತೀರಿ? ರೋಮ್ ಬಿದ್ದ ಮೇಲೆ ಇಟ್ಟಿಗೆ ಸುಡೋದನ್ನೇ ಮರೆತ ಊರುಗಳಿವೆ. ಅದು ಹತ್ತಿದ್ದಾ, ಇಳಿದಿದ್ದಾ?"

ಸಂಸ್ಥೆಯ ಪಕ್ಷದ ಕಾರ್ಯದರ್ಶಿ ಸ್ತುಪಿಶಿನ್ ಮುಂದಿನ ಸಾಲಿನಲ್ಲಿ ಕೂತಿದ್ದ. ಅಗಲ ಮುಖದವನು, ನಗುತ್ತಲೇ ಮಾತಾಡುವವನು. "ಹಾಗಾದ್ರೆ ನಾವೂ ಇಳೀಬಹುದು ಅಂತೀರಾ, ಮೇಷ್ಟ್ರೇ?" ಎಂದ.

"ಹತ್ತಿ ನಿಂತೋರು ಕಾಲ ಕೆಳಗೆ ನೋಡ್ಕೊಳ್ಳೋದು ಒಳ್ಳೇದು ಅಂತೀನಿ."

ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕೆಂದರು. ನಾನು "(ನಗು)" ಎಂದು ಬರೆದು, ನನ್ನ ಐದು ನಿಮಿಷ ಮುಗಿದು, ಪಕ್ಕದ ಕೋಣೆಗೆ ಹೋದೆ. ಓದಿ ಹೇಳುವುದು ಬೇಗ ಮುಗಿಯಿತು. ಇನ್ನೂ ಒಂದು ನಿಮಿಷ ಇರುವಾಗಲೇ ವಾಪಸು ಬಂದು ರಯೀಸಾ ಫೋಮಿನಿಚ್ನಾ ಬೆನ್ನ ಹಿಂದೆ ನಿಂತೆ. ಸ್ತುಪಿಶಿನ್ ಎದ್ದು ನಿಂತಿದ್ದ. ಈಗ ನಗುತ್ತಿರಲಿಲ್ಲ.

"ಸುತ್ತಿ ಬಳಸಿ ಬೇಡ. ಈ ಐದು ಮೆಟ್ಟಿಲನ್ನ ಎಲ್ಲ ಜನಾಂಗಗಳೂ ಹತ್ತಲೇಬೇಕಾ, ಬೇಡ್ವಾ? ಒಂದೇ ಮಾತಲ್ಲಿ ಹೇಳಿ."

ಕ್ರಿವೊಶೀನ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೇಳಿದರು: "ಎಲ್ಲ ಜನಾಂಗಗಳೂ ಐದನ್ನೂ ಹತ್ತಲೇಬೇಕು ಅಂತ ಇಲ್ಲ."

ಪೆನ್ಸಿಲ್ ಪದ ಬರೆಯಿತು, ಮೇಲಕ್ಕೆ ಹೋಗಿ ಚುಕ್ಕಿ ಇಟ್ಟಿತು. ಇದನ್ನು ನಾನು ಕಿವಿಯಾರೆ ಕೇಳಿದೆ, ಕಣ್ಣಾರೆ ನೋಡಿದೆ.

"ಈ ವಾಕ್ಯ ಸರಿಯಾಗಿ ಬರ್ಕೊಳ್ಳಿ, ಹೆಂಗಸರೇ" ಎಂದ ಸ್ತುಪಿಶಿನ್.

ಪಕ್ಕದ ಕೋಣೆಯಲ್ಲಿ ಬೆರಳಚ್ಚಿನವಳಿಗೆ ಓದಿ ಹೇಳುವಾಗ ರಯೀಸಾ ಫೋಮಿನಿಚ್ನಾ ಚುಕ್ಕಿಯನ್ನು ಓದಲಿಲ್ಲ. ಹಾಳೆಯಲ್ಲಿ ಬಂದದ್ದು: ಎಲ್ಲ ಜನಾಂಗಗಳೂ ಐದನ್ನೂ ಹತ್ತಲೇಬೇಕು. ಓದಿದವರಿಗೆ, ಮೇಷ್ಟ್ರು ಎಲ್ಲೆಲ್ಲೋ ಸುತ್ತಾಡಿ ಕೊನೆಗೆ ಪ್ರಶ್ನೆ ಬಿದ್ದಾಗ ಸರಿದಾರಿಗೆ ಬಂದ ಹಾಗೆ ಕಾಣಬೇಕು. ಮಾರನೆಯ ದಿನ ಪ್ರತಿ ನೋಡಿ, ಅದನ್ನು ಹಿಡಿದುಕೊಂಡು ಅವರ ಹತ್ತಿರ ಹೋದೆ. "ರಯೀಸಾ ಫೋಮಿನಿಚ್ನಾ, ಇಲ್ಲೊಂದು..." ಎಂದೆ.

"ನಿನ್ನ ಕೆಲಸ ನೀನು ನೋಡ್ಕೋ, ಲೂಷ್ಕಾ."

"ನೀವೇ ಹೇಳ್ತಿದ್ರಲ್ಲ, ಕೊಳವೆ..."

"ಬಾಯ್ಮುಚ್ಚು. ಅವರು ನಮ್ಮನ್ನ ಕೇಳಿದ್ರು, ಆಗ್ತಿದ್ಯಾ ಅಂತ" ಎಂದರು. ಬೇರೆ ಯಾವ ಕಾರಣವನ್ನೂ ಅವರು ಯಾವತ್ತೂ ಕೊಡಲಿಲ್ಲ.

ಎರಡು ದಿನ ಬಿಟ್ಟು ಕ್ರಿವೊಶೀನ್ ಬಂದರು. ಕಿಟಕಿ ಪಕ್ಕ ಕೂತು ಓದಿದರು. ಆ ಹಾಳೆಗೆ ಬಂದಾಗ ಶಾಯಿಯ ಲೇಖನಿ ಗಾಳಿಯಲ್ಲೇ ನಿಂತಿತು. ತಲೆಯೆತ್ತಿ ರಯೀಸಾ ಫೋಮಿನಿಚ್ನಾ ಅವರನ್ನು ನೋಡಿದರು. ಇವರು ಬಗ್ಗಿ ಪೆನ್ಸಿಲ್ ಹೆರೆಯುತ್ತಿದ್ದರು, ಹೆರೆದ ಪೆನ್ಸಿಲ್ಲನ್ನೇ ಮತ್ತೆ ಹೆರೆಯುತ್ತಿದ್ದರು. ಕ್ರಿವೊಶೀನ್ ತಿದ್ದಲಿಲ್ಲ. ಸಹಿ ಹಾಕಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಕೈ ತುಂಬಾ ಒಳ್ಳೇದು" ಎಂದಷ್ಟೇ ಹೇಳಿದರು. ಅವರಿಗೆ ನಾಚಿಕೆಯಾಗಿತ್ತು. ಬದುಕಬೇಕೆಂಬ ಆಸೆಯೂ ಇತ್ತು. ನಾನು ಅವರನ್ನು ಹಳಿಯುವುದಿಲ್ಲ, ಹಳಿಯುವ ಯೋಗ್ಯತೆ ನನಗಿಲ್ಲ.

ತಿದ್ದಿದ್ದು ಮೇಷ್ಟ್ರೇ ಎಂದುಕೊಂಡ ಸ್ತುಪಿಶಿನ್, "ಬಗ್ಗಿದ್ರು, ಒಳ್ಳೇದಾಯ್ತು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಚರ್ಚೆ ಪುಸ್ತಕವಾಗಿ ಅಚ್ಚಾಯಿತು. ಆ ಬೇಸಿಗೆಯಷ್ಟು ಹಗುರಾಗಿ ರಯೀಸಾ ಫೋಮಿನಿಚ್ನಾ ಇದ್ದದ್ದನ್ನು ನಾನು ನೋಡಿಲ್ಲ. ಒಂದು ದಿನ ಹಾಡು ಕೂಡ ಗುನುಗಿದರು, ಶ್ರುತಿ ಎಲ್ಲೋ, ಸ್ವರ ಎಲ್ಲೋ.

ಆಮೇಲೆ ಡಿಸೆಂಬರ್ ಬಂತು. ಆ ಡಿಸೆಂಬರಿನಲ್ಲಿ ನಮ್ಮ ಊರಿನ ಪಕ್ಷದ ಮುಖಂಡನನ್ನು ಗುಂಡು ಹಾರಿಸಿ ಕೊಂದದ್ದು, ಆಮೇಲೆ ಏನೇನಾಯಿತು, ಎಲ್ಲರಿಗೂ ಗೊತ್ತು. ಪ್ರತಿ ಸಂಸ್ಥೆಯೂ ತನ್ನೊಳಗಿನ ಶತ್ರುವನ್ನು ಹುಡುಕಿ ಒಪ್ಪಿಸಬೇಕಿತ್ತು. ಸ್ತುಪಿಶಿನ್ ಹಳೆಯ ಪುಸ್ತಕಗಳನ್ನು ತೆಗೆದು ಕೂತ. ಉತ್ತರದಲ್ಲಿ ಹಿಮಸಾರಂಗ ಮೇಯಿಸುವವರು, ಹುಲ್ಲುಗಾವಲಿನ ಅಲೆಮಾರಿಗಳು ಬಂಡವಾಳಶಾಹಿಯ ಮೆಟ್ಟಿಲನ್ನು ಮುಟ್ಟದೆ ನೇರವಾಗಿ ಸಮಾಜವಾದಕ್ಕೆ ಜಿಗಿಯುತ್ತಿದ್ದಾರೆ ಎಂದು ಪತ್ರಿಕೆಗಳು ದಿನಾ ಬರೆಯುತ್ತಿದ್ದ ಕಾಲ ಅದು. ಮೆಟ್ಟಿಲು ಬಿಡುವಂತಿಲ್ಲ ಎನ್ನುವುದೂ ನಿಜ, ಜಿಗಿಯಬಹುದು ಎನ್ನುವುದೂ ನಿಜ. ಯಾವ ದಿನ ಯಾವುದು ನಿಜ ಎಂದು ಮೇಲಿನವರಿಗೆ ಗೊತ್ತಿರುತ್ತಿತ್ತು. ಜನವರಿಯ ಸಭೆಯಲ್ಲಿ ಸ್ತುಪಿಶಿನ್ ಪುಟ ತೆರೆದು ಓದಿದ: ಎಲ್ಲ ಜನಾಂಗಗಳೂ ಐದನ್ನೂ ಹತ್ತಲೇಬೇಕು.

"ಅಂದ್ರೆ ಏನರ್ಥ, ಕಾಮ್ರೇಡರೇ? ನಮ್ಮ ಚಿಕ್ಕ ಜನಾಂಗಗಳು ಇನ್ನೂ ನೂರು ವರ್ಷ ಬಂಡವಾಳಗಾರನ ಕೆಳಗೆ ಕೊಳೀಬೇಕು ಅಂತ! ಇದು ಯಾರ ಮಾತು? ಕ್ರಾಂತಿ ಬೇಡ, ಕಾಯೋಣ ಅಂದೋರ ಮಾತಲ್ವಾ?"

ಆ ಸಭೆಗೂ ನಾವೇ ಬರೆಯುವವರು. ನಾನು ರಯೀಸಾ ಫೋಮಿನಿಚ್ನಾ ಮುಖ ನೋಡಿದೆ, ಸುಣ್ಣದ ಹಾಗಿತ್ತು. ಕ್ರಿವೊಶೀನ್ ಎದ್ದರು. "ನಾನು ಹೇಳಿದ್ದು ಇದರ ಉಲ್ಟಾ. ನಿಮಗೇ ನೆನಪಿದೆಯಲ್ಲ, ನೀವೇ ಕೇಳಿದ್ರಿ."

"ನನ್ನ ನೆನಪು ಬಿಡಿ. ಸಹಿ ನಿಮ್ಮದೇ ತಾನೆ?"

"ನನ್ನದೇ."

"ನೀವು ಹೇಳದೇ ಇದ್ದದ್ದು ಹಾಳೆಗೆ ಹೇಗೆ ಬಂತು? ನೀವು ತಿದ್ದಿಲ್ಲ, ನೇರಳೆ ಶಾಯಿ ಇಲ್ಲ. ಯಾರು ತಿದ್ದಿದ್ರು? ಹೆಸರು ಹೇಳಿ."

ಕ್ರಿವೊಶೀನ್ ನಮ್ಮ ಮೇಜಿನ ಕಡೆ ತಿರುಗಲಿಲ್ಲ. ತಿರುಗಬಾರದೆಂದೇ ಕಿಟಕಿಯನ್ನು ನೋಡುತ್ತ ನಿಂತರು.

ಅದು ರಯೀಸಾ ಫೋಮಿನಿಚ್ನಾ ಐದು ನಿಮಿಷ. ಸಭೆಯಲ್ಲಿ ಆದದ್ದನ್ನೆಲ್ಲ ಬರೆಯಬೇಕು. ಅವರು ಬರೆದರು: "(ಮೌನ)". ಸ್ತುಪಿಶಿನ್ ಮತ್ತೆ ಕೇಳಿದ, ಅವರು ಮತ್ತೆ ಬರೆದರು: "(ಮೌನ)". ಮೂರನೆಯ ಸಲ ಪೆನ್ಸಿಲ್ಲಿನ ಮೊನೆ ಮುರಿಯಿತು. ಪೆನ್ಸಿಲ್ಲನ್ನು ತಿರುಗಿಸಿ ಇನ್ನೊಂದು ತುದಿಯಲ್ಲಿ ಬರೆದರು.

ಅದೇ ವಾರ ಕ್ರಿವೊಶೀನ್ ಅವರನ್ನು ಹಿಡಿದುಕೊಂಡು ಹೋದರು.

ಗೀಚು ಪುಸ್ತಕ ಬೀರುವಿನಲ್ಲೇ ಇತ್ತು. ಇನ್ನು ಮೂರು ವಾರ ಕಳೆದಿದ್ದರೆ ಗಿರಣಿಗೆ ಹೋಗಿರುತ್ತಿತ್ತು. ರಯೀಸಾ ಫೋಮಿನಿಚ್ನಾ ಅದನ್ನು ತೆಗೆದು, ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿದರು. ನಾನು ಅವರ ತೋಳು ಹಿಡಿದುಕೊಂಡೆ.

"ನಿಮಗೆ ತಲೆ ಕೆಟ್ಟಿದ್ಯಾ? ಹೋದ್ರೆ ನಿಮ್ಮನ್ನೂ ಬಿಡಲ್ಲ. ಅವರು ನಿಜವಾಗಿ ಹೇಳಿದ್ದೂ ಹೋದ ವರ್ಷ ತಪ್ಪೇ ಆಗಿತ್ತು!"

"ಹೋದ ವರ್ಷ ತಪ್ಪು, ಈ ವರ್ಷ ಸರಿ. ಈ ವರ್ಷಾನೇ ತಾನೆ ಅವರನ್ನ ಹಿಡಿದಿರೋದು? ಚುಕ್ಕಿ ತೋರಿಸಿದ್ರೆ ಬಿಟ್ರೂ ಬಿಡಬಹುದು. ತಪ್ಪು ನನ್ನದು, ಆ ಮನುಷ್ಯ ಯಾಕೆ ಹೊರಬೇಕು? ಕೈ ಬಿಡೇ."

ಹೋದರು. ಎರಡು ದಿನ ಬರಲಿಲ್ಲ. ಮೂರನೆಯ ದಿನ ಗುಪ್ತ ಪೊಲೀಸರ ಕಚೇರಿಯಿಂದ ನನಗೆ ಕರೆ ಬಂತು.

ತನಿಖೆಯವನು ನನ್ನ ವಯಸ್ಸಿನವನೇ. ನೆಗಡಿಯಾಗಿತ್ತು, ಮಾತಿಗೊಮ್ಮೆ ಮೂಗೊರೆಸುತ್ತಿದ್ದ. ಮರ್ಯಾದೆಯಾಗಿ ಕುರ್ಚಿ ಕೊಟ್ಟ. ಮೇಜಿನ ಮೇಲೆ ಗೀಚು ಪುಸ್ತಕ ತೆರೆದಿತ್ತು.

"ಇದನ್ನ ಓದೋಕೆ ಬರೋದು ನಿಮಗೊಬ್ಬರಿಗೇ ಅಂತೆ. ಈ ಪದದ ಮೇಲೆ ಚುಕ್ಕಿ ಇದೆ, ಬೇಕೂಂತಲೇ ಓದಲಿಲ್ಲ ಅಂತ ಆ ಮುದುಕಿ ತಾನಾಗೇ ಬಂದು ಹೇಳ್ತಿದಾಳೆ. ದಾಖಲೆ ಕೆಡಿಸಿದ್ದು ಅಂದ್ರೆ ಸಣ್ಣ ವಿಷಯ ಅಲ್ಲ. ಒಬ್ಬಳೇ ಮಾಡೋ ಕೆಲಸಾನೂ ಅಲ್ಲ." ಮೂಗೊರೆಸಿಕೊಂಡ. "ಆವತ್ತು ನೀವೂ ಅಲ್ಲೇ ಹಿಂದೆ ನಿಂತಿದ್ರಂತೆ. ನೋಡಿ ಹೇಳಿ. ಇದು ಚುಕ್ಕಿನಾ?"

ಚುಕ್ಕಿಯೇ. ಪೆನ್ಸಿಲ್ಲಿನದು, ದುಂಡಗೆ, ಬೆಳಕಿಗೆ ಹಿಡಿದರೆ ಹೊಳೆಯುವಂಥದು. ಆದರೆ ಆ ವರ್ಷಗಳ ಕಾಗದ ಎಂಥದೆಂದು ಅದರ ಮೇಲೆ ಬರೆದವರಿಗೆ ಗೊತ್ತು. ಮರದ ಸಿಪ್ಪೆಯ ಕಪ್ಪು ಚೂರುಗಳು ಅರೆಯದೆ ಹಾಗೇ ಉಳಿದಿರುತ್ತಿದ್ದವು. ಅದೇ ಪುಟದಲ್ಲಿ ಅಂಥವು ಹತ್ತಾರು ಇದ್ದವು.

"ಇದು ಕಾಗದದ ಚೂರು. ಅವರಿಗೆ ವಯಸ್ಸಾಯ್ತು, ಕಣ್ಣು ಮಂಜು. ಆ ಮೇಷ್ಟ್ರ ಮೇಲೆ ಏನೋ ಮರುಕ" ಎಂದೆ. ನನ್ನ ದನಿ ನಡುಗಲೂ ಇಲ್ಲ.

"ಅಂದ್ರೆ ಹತ್ತಲೇಬೇಕು ಅಂತಲೇ ಅವನು ಹೇಳಿದ್ದು?"

"ಹೌದು."

"ನಿಮ್ಮ ಕಿವಿಯಿಂದ ಕೇಳಿದ್ರಾ?"

"ಕೇಳಿದೆ."

ರಯೀಸಾ ಫೋಮಿನಿಚ್ನಾ ಅವರನ್ನು ಉಳಿಸಲು ಹಾಗೆಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಎಪ್ಪತ್ತು ದಾಟಿದೆ, ಇನ್ನು ಬೂಟಾಟಿಕೆ ಯಾಕೆ? 'ನೀವೂ ಅಲ್ಲೇ ನಿಂತಿದ್ರಂತೆ' ಎಂದನಲ್ಲ, ಆಗಲೇ ಇದು ನನ್ನ ಕತ್ತಿಗೂ ಬಂತೆಂದು ನನಗೆ ಗೊತ್ತಾಗಿತ್ತು. ನಾನು ನನ್ನನ್ನು ಉಳಿಸಿಕೊಂಡೆ. ಅವರು ಉಳಿದದ್ದು ಅದರ ಜೊತೆಗೆ.

ಅವರನ್ನು ಬಿಟ್ಟರು. ನರಗಳು ದುರ್ಬಲ ಎಂದು ಬರೆದು ಬ್ಯೂರೋದಿಂದಲೂ ತೆಗೆದರು. ಕ್ರಿವೊಶೀನ್ ಅವರನ್ನು ಉತ್ತರಕ್ಕೆ, ಮರ ಕಡಿಯುವ ಶಿಬಿರಕ್ಕೆ ಕಳಿಸಿದರು. ಎರಡನೆಯ ಚಳಿಗಾಲ ಅವರು ದಾಟಲಿಲ್ಲವೆಂದು ಆಮೇಲೆ ತಿಳಿಯಿತು. ಮೇಷ್ಟ್ರ ಪುಸ್ತಕದ ಗೂಡುಗಳು ಖಾಲಿಯಾದ ಅದೇ ಸಂಸ್ಥೆಯಲ್ಲಿ, ಬಾಗಿಲ ಪಕ್ಕ ಬಂದವರ ಕೋಟು ತೆಗೆದಿಟ್ಟು ನಂಬರಿನ ಬಿಲ್ಲೆ ಕೊಡುವ ಕೆಲಸ ರಯೀಸಾ ಫೋಮಿನಿಚ್ನಾಗೆ ಸಿಕ್ಕಿತು. ಕೇಳಿ ಪಡೆದದ್ದೋ, ಬೇರೆಲ್ಲೂ ಸಿಗದೆ ಹೋದದ್ದೋ ಗೊತ್ತಿಲ್ಲ. ಸಭೆ ಬರೆಯಲು ನಾನು ಅಲ್ಲಿಗೆ ಹೋದಾಗಲೆಲ್ಲ ನನ್ನ ಕೋಟು ತೆಗೆದುಕೊಂಡು ಬಿಲ್ಲೆ ಕೊಡುತ್ತಿದ್ದರು. ಮಾತಿಲ್ಲ, ಬೈಗುಳ ಕೂಡ ಇಲ್ಲ. ಒಂದು ಸಲ ಬೈದಿದ್ದರೆ ಸಾಕಿತ್ತು ಎನಿಸುತ್ತಿತ್ತು.

ಮೂವತ್ತೆಂಟರ ಕೊನೆಗೆ ಗೋಡೆಯ ಐದು ಮೆಟ್ಟಿಲು ಪಕ್ಷದ ಪಠ್ಯಪುಸ್ತಕಕ್ಕೇ ಬಂದುಬಿಟ್ಟವು. ದೇಶವೆಲ್ಲ ಬಾಯಿಪಾಠ ಮಾಡಿತು. ಕ್ರಿವೊಶೀನ್ ಸಹಿ ಹಾಕಿದ್ದ ವಾಕ್ಯ ಈಗ ಮತ್ತೆ ಸರಿಯಾದ ವಾಕ್ಯ. ಒಂದು ಮಧ್ಯಾಹ್ನ ಕೋಟಿನ ಕಟಕಟೆಯೆದುರು ವಿದ್ಯಾರ್ಥಿಗಳ ಸಾಲಿತ್ತು, ಪರೀಕ್ಷೆಗೆ ಅದನ್ನೇ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು: ಆದಿಮ, ಗುಲಾಮ, ಊಳಿಗ... ನನ್ನ ಸರದಿ ಬಂತು. ಬಿಲ್ಲೆ ಚಾಚಿದೆ. ರಯೀಸಾ ಫೋಮಿನಿಚ್ನಾ ಕೋಟು ತಂದರು, ಆದರೆ ಕೈ ಬಿಡಲಿಲ್ಲ. ಸುಮಾರು ನಾಲ್ಕು ವರ್ಷದ ಮೇಲೆ ಅವರು ನನ್ನ ಹತ್ತಿರ ಆಡಿದ ಮೊದಲ ಮಾತು:

"ಲೂಷಾ, ಚುಕ್ಕಿ ಇತ್ತಲ್ವಾ?"

ಲೂಷ್ಕಾ ಎನ್ನದೆ ಲೂಷಾ ಎಂದರು, ದನಿ ಬಹಳ ಮೆತ್ತಗಿತ್ತು. ಅದು ಆಪಾದನೆಯಾಗಿರಲಿಲ್ಲ. ಆಗ ನನಗೆ ಗೊತ್ತಾಯಿತು, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಾಗದದ ಚೂರು ಎಂದು ನಾನು ಹೇಳಿದ್ದನ್ನು ಆ ಕಚೇರಿಯಲ್ಲಿ ಅವರಿಗೆ ಓದಿ ಹೇಳಿದ್ದರು. ಅವರ ಕೈಯನ್ನು ಓದಬಲ್ಲವಳು ನಾನೊಬ್ಬಳೇ, ಅವರೇ ಕಲಿಸಿದವಳು. ಅಷ್ಟು ವರ್ಷ ಅವರು ಆ ಕೋಟುಗಳ ನಡುವೆ ಕೂತು ತಮ್ಮ ಕಿವಿಯನ್ನೇ, ತಮ್ಮ ಕೈಯನ್ನೇ ಅನುಮಾನಿಸುತ್ತಿದ್ದರು.

ನನ್ನ ಹಿಂದೆ ಸಾಲು ನಿಂತಿತ್ತು. ಯಾರು ಯಾರೋ.

"ಇರ್ಲಿಲ್ಲ, ರಯೀಸಾ ಫೋಮಿನಿಚ್ನಾ" ಎಂದೆ.

ಅವರು ತಲೆಯಾಡಿಸಿದರು, ನಾವು ಹುಡುಗಿಯರು ಅವರೆದುರು ತಪ್ಪು ಒಪ್ಪಿಕೊಳ್ಳುವಾಗ ಆಡಿಸುತ್ತಿದ್ದ ಹಾಗೇ. "ಹಾಗಾದ್ರೆ ಆ 'ಇಲ್ಲ' ಬರ್ಕೊಳ್ಳದೆ ಬಿಟ್ಟಿದ್ದು ನಾನೇ. ಆ ಮನುಷ್ಯ ನಿಧಾನವಾಗೇ ಹೇಳಿದ್ರು, ಆದ್ರೂ ಬಿಟ್ಟೆ" ಎಂದು ಕೋಟು ಕೊಟ್ಟರು. ಆಮೇಲೆ ಹಿಂದಿನ ಹುಡುಗನ ಬಿಲ್ಲೆಗೆ ಕೈ ಚಾಚಿದರು.

ನಲವತ್ತೆರಡರ ಜನವರಿಯಲ್ಲಿ, ಊರಿಗೆ ಮುತ್ತಿಗೆ ಬಿದ್ದಿದ್ದಾಗ, ಅವರು ತಮ್ಮ ಕೋಣೆಯಲ್ಲಿ ಹಸಿವಿನಿಂದ ಸತ್ತರು. ನಾನಿದ್ದದ್ದು ಎರಡು ಬೀದಿಯಾಚೆ. ಹೋಗಿ ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಕಾಲಲ್ಲಿ ಶಕ್ತಿಯಿಲ್ಲ, ನಾಳೆ ಹೋಗೋಣ ಎನ್ನುತ್ತಿದ್ದೆ. ರೊಟ್ಟಿಯ ಸಾಲಿಗೆ ಮಾತ್ರ ದಿನಾ ಹೋಗುತ್ತಿದ್ದೆ.

ಅವರು ಒಂದೂ ಪದ ಬಿಟ್ಟಿರಲಿಲ್ಲ. ಚುಕ್ಕಿ ಇತ್ತು.